ದೋಣಿಯ ಹಗ್ಗ ಹಿಡಿಯುವ ಹಾಡು

ಕುಂಬಳೆ
20 ಜನವರಿ 1952

ಮುದ್ದಿನ ಮಗಳು ಹಿಲ್ಡಾಳಿಗೆ,

ಪಪ್ಪನ ಪ್ರೀತಿ, ಜೊತೆಗೆ ಉತ್ತರ ತಡವಾದದ್ದಕ್ಕೆ ಕ್ಷಮಾಪಣೆ. ತಪ್ಪು ನನ್ನದಲ್ಲ, ನೀನು ಮದುವೆಯಾಗಲಿರುವ ರೆಜಿನಾಲ್ಡನದು. ನಿನ್ನ ಅಮ್ಮ ಹಾಡುವ ದೋಣಿಯ ಹಾಡಿಗೆ ಅರ್ಥವೇನೆಂದು ಅವನು ಕೇಳಿದ್ದಾನಂತಲ್ಲ. ಬಿ.ಎ. ಓದಿದ ಅಳಿಯನಿಗೆ ಎರಡೇ ಗೆರೆ ಬರೆದರೆ ಮಾವನ ಮರ್ಯಾದೆ ಉಳಿದೀತೇ? ಮಸಿ, ನಿಬ್ಬು, ಗಾಂಭೀರ್ಯ ಇಷ್ಟನ್ನೂ ಹೊಂದಿಸಿಕೊಳ್ಳುವುದರಲ್ಲಿ ಹೊಸ ವರ್ಷವೇ ಬಂದುಬಿಟ್ಟಿತು.

ಮೊದಲು ಊರ ಸುದ್ದಿ. ನೆರೆಮನೆಯ ಹುಡುಗಿಯ ಮದುವೆಯಾಯಿತು. ಹಿಂದಿನ ದಿನದ ರೋಸಿನ ಶಾಸ್ತ್ರದಲ್ಲಿ, ಮದುಮಗಳ ತಲೆಗೆ ತೆಂಗಿನ ಹಾಲು ಹೊಯ್ಯುವಾಗ, ಎಂದಿನಂತೆ ಹಾಡು ಎತ್ತಿಕೊಟ್ಟವಳು ನಿನ್ನ ಅಮ್ಮ. ಸಾಲಿನ ಮೇಲೆ ಸಾಲು ಕಟ್ಟುತ್ತಲೇ ಹೋದಳು. ಹುಡುಗಿ ಚಳಿಗೆ ನಡುಗುತ್ತ, “ಸಾಕು ಮಾಡಿ ರೋಸ್ಮೇರಿಬಾಯಿ” ಎಂದಳು. “ಸುಮ್ಮನೆ ಕೂತುಕೋ ಹುಡುಗಿ, ನಾಳೆಯಿಂದ ನಿನ್ನನ್ನು ಹಾಡಿ ಹೊಗಳುವವರು ಯಾರೂ ಇಲ್ಲ!” ಎಂದು ಇವಳು ಮುಂದುವರಿಸಿದಳು:

*ದೋಣಿಯಣ್ಣ, ಹಗ್ಗ ಹಿಡಿ, ಅಳಿವೆಗೆ ನೀರಿಳಿಯುತಿದೆ;*
*ನಲ್ಲನಾಡಿದ ಮಾತಿಗೆ ನನ್ನ ನಗು ಇನ್ನೂ ಮುಗಿದಿಲ್ಲ.*

ಮನೆಗೆ ಬಂದು ನಾನು ಭಾಷ್ಯಕ್ಕೆ ಕುಳಿತೆ. ದೋಣಿಯೆಂದರೆ ದೇಹ, ಹಗ್ಗವೆಂದರೆ ವಿಶ್ವಾಸ, ಇಳಿಯುವ ನೀರೆಂದರೆ ಕಾಲ. ಹಿಂದಿನಿಂದ ಇಣುಕಿ ಓದಿದ ನಿನ್ನ ಅಮ್ಮ, “ಎಂತ ಮಾರಾಯ್ರೆ ಇದು? ಪಾದ್ರಿಗಳು ಕಂಡರೆ ನಿಮಗೂ ಒಂದು ನಿಲುವಂಗಿ ಹೊಲಿಸಿಯಾರು” ಎಂದಳು.

“ಹಾಗಾದರೆ ಅರ್ಥ ಎಂತ? ನೀನೇ ಹೇಳು.”

“ನೀರು ಇಳಿಯುವುದು ಆ ಹೆಣ್ಣಿಗೆ ಗೊತ್ತುಂಟು. ಅದನ್ನು ನಿಲ್ಲಿಸು ಅಂತ ಅವಳು ಹೇಳುವುದಿಲ್ಲ. ನಗು ಮುಗಿಯುವಷ್ಟು ಹೊತ್ತು ಹಗ್ಗ ಹಿಡಿ ಅಂತ, ಅಷ್ಟೇ.”

ಇಷ್ಟು ಹೇಳಿ ಅವಳು ಬಂಗುಡೆ ಕೊಯ್ಯಲು ಹೋದಳು. ನನ್ನ ಭಾಷ್ಯ ಒಲೆ ಸೇರಿತು. ರೆಜಿನಾಲ್ಡನಿಗೆ ಅವಳ ಅರ್ಥವನ್ನೇ ತಿಳಿಸು.

ಈಗ ಮುಖ್ಯ ವಿಷಯ. ನಿನ್ನ ಮದುವೆ ಮೇ ತಿಂಗಳಿಗೆ ಬೇಡ. ಫೆಬ್ರವರಿ ಕೊನೆಗೆ ಉಪವಾಸದ ಕಾಲ ಶುರುವಾದರೆ ಈಸ್ಟರಿನವರೆಗೆ ಇಗರ್ಜಿಯಲ್ಲಿ ಮದುವೆಯಿಲ್ಲ. ಅದಕ್ಕೆ ಮುಂಚೆಯೇ ಆಗಿಬಿಡಲಿ. ಮೇ ತಿಂಗಳ ಸೆಖೆಯಲ್ಲಿ ಕೋಟು ತೊಟ್ಟರೆ ನಾನೇ ಬೆಂದು ಊಟದ ಒಂದು ಪದಾರ್ಥವಾದೇನು. ಮದುವೆಗೆಂದು ಸಾಕಿದ ಹಂದಿಯಂತೂ ಈಗಲೇ ನನಗಿಂತ ದಪ್ಪವಾಗಿ ನನ್ನನ್ನು ಕನಿಕರದಿಂದ ನೋಡುತ್ತದೆ. ಶಾಲೆಯ ಪರೀಕ್ಷೆ ಎನ್ನಬೇಡ. ನಿನ್ನ ಕ್ಲಾಸಿನ ಮಕ್ಕಳು ಬೇರೆ ಟೀಚರಮ್ಮನ ಕೈಯಲ್ಲೂ ಧಾರಾಳವಾಗಿ ನಪಾಸಾಗಬಲ್ಲರು.

ದೇವಮಾತೆ ನಿನ್ನನ್ನು ಸೆರಗಿನಲ್ಲಿಟ್ಟು ಕಾಯಲಿ. ರೆಜಿನಾಲ್ಡನಿಗೆ ಸದ್ಯ ಅರ್ಧ ಆಶೀರ್ವಾದ. ಉಳಿದದ್ದು ತಾರೀಕು ಒಪ್ಪಿದ ಮೇಲೆ.

ನಿನ್ನ ಪಪ್ಪ,
ಇಗ್ನೇಶಿಯಸ್

ತಾ.ಕ.: ಇದನ್ನು ನೀನೊಬ್ಬಳೇ ಓದು, ಬಾಯೆ. ಕ್ರಿಸ್ಮಸ್ ಕಳೆದ ಮೇಲೆ ನಾನು ಮಂಗಳೂರಿಗೆ ಬಂದಿದ್ದೆ. ನಿನ್ನ ಶಾಲೆಯ ಗೇಟಿನವರೆಗೂ ಬಂದು, ಮುಖ ಸರಿಯಿಲ್ಲವೆಂದು ಹಿಂತಿರುಗಿದೆ. ಎದೆ ಪರೀಕ್ಷಿಸಿದ ಡಾಕ್ಟರಿಗೆ, ಮಗಳ ಮದುವೆ ಮೇ ತಿಂಗಳಲ್ಲಿ ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತ, “ಅಷ್ಟು ದೂರ ಇಟ್ಟುಕೊಳ್ಳಬೇಡಿ” ಎಂದರು.

ಗಂಡನಿಲ್ಲದವಳು ರೋಸಿನಲ್ಲಿ ಹಾಡುವಂತಿಲ್ಲ. ಗಂಡ ಹೋದ ನಿನ್ನ ಸೆವ್ರಿನ್ ಮಾವ್ಶಿ ತನ್ನ ಸ್ವಂತ ಮಗಳ ರೋಸಿನ ದಿನ ಅಡುಗೆಮನೆಯಲ್ಲಿ ಬಾಯಿಮುಚ್ಚಿ ಕಾಯಿ ತುರಿಯುತ್ತ ಕುಳಿತದ್ದನ್ನು ನೀನೂ ನೋಡಿದ್ದೀ.

ನಿನ್ನ ಅಮ್ಮನಿಗೆ ನಾನಿನ್ನೂ ಏನೂ ಹೇಳಿಲ್ಲ. ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತ, ನಿನ್ನ ಹೆಸರು ಸೇರಿಸಿ ಹೊಸ ಸಾಲು ಕಟ್ಟುತ್ತಿದ್ದಾಳೆ. ಇಲ್ಲಿಗೆ ಕೇಳಿಸುತ್ತಿದೆ.