ಎರಡು ಪೀಪಿ, ಒಂದು ಢಿಕ್ಕಿ

ರೆಫ್ರಿ ಪೀಪಿಯನ್ನು ಬೀರುವಿನಲ್ಲಿಟ್ಟು, ಮುಖ ಊದಿಸಿಕೊಂಡು ತುಮಕೂರಿನ ಮನೆಯಲ್ಲಿ ಕೂತಿರುವ ನನ್ನಕ್ಕನ ಮಗಳು ಕೃತಿಕಾಗೆ, ಕೊತ್ತಗೆರೆಯಿಂದ ನಿನ್ನ ಮಾವ ಕನಕರಾಜು ಬರೆಯುತ್ತಿರುವುದು.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ವಾಟ್ಸಪ್ಪಿನಲ್ಲಿ ಮಾತು ತುಂಬಿ ಕಳಿಸಿದರೆ ಕೇಳುವುದಿಲ್ಲ. ಅದಕ್ಕೇ ಈ ಕಾಗದ. ಊರಿಗೆ ಬಂದಿರುವ ನಿಮ್ಮಮ್ಮನ ಕೈಲಿ ಅವರೆಕಾಯಿ ಚೀಲ ಕಳಿಸುತ್ತಿದ್ದೇನೆ, ಅದರ ಮೇಲುಗಡೆಯೇ ಇದನ್ನು ಇಟ್ಟಿದ್ದೇನೆ. ಕಾಯಿ ಸುಲಿಯುವುದಕ್ಕಾದರೂ ನೀನು ಚೀಲ ಬಿಚ್ಚಲೇಬೇಕು. ನಾನು ಓದಿದ್ದು ನಮ್ಮೂರ ಸ್ಕೂಲಿನಲ್ಲಿ ಏಳನೇ ಕ್ಲಾಸು. ಆದರೆ ಕಾಗದ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಈ ಹೋಬಳಿಯಲ್ಲಿ ಇನ್ನೂ ಹುಟ್ಟಿಲ್ಲ. ಊರಿನ ಅರ್ಧ ಮದುವೆಗಳು ಕೂಡಿಬಂದದ್ದು ನನ್ನ ಕಾಗದದಿಂದ. ಮಿಕ್ಕ ಅರ್ಧ ಮುರಿದು ಬಿದ್ದದ್ದೂ ಅದರಿಂದಲೇ ಅಂತ ನಿಮ್ಮತ್ತೆ ಹೇಳುತ್ತಾಳೆ. ಅವಳ ಮಾತನ್ನು ನೀನು ನಂಬಬೇಡ.

ಗುಬ್ಬಿಯಲ್ಲಿ ಆ ದಿನ ನಡೆದದ್ದು ನಿನಗೇ ಗೊತ್ತು. ಆದರೂ ನನಗೆ ಕಂಡ ಹಾಗೆ ಒಮ್ಮೆ ಹೇಳುತ್ತೇನೆ, ಸುಮ್ಮನೆ ಓದು. ನಮ್ಮ ಕುಣಿಗಲ್ ಹುಡುಗಿಯರಿಗೂ ಗುಬ್ಬಿ ಹುಡುಗಿಯರಿಗೂ ಬ್ಯಾಸ್ಕೆಟ್‌ಬಾಲ್ ಪಂದ್ಯ. ರೆಫ್ರಿಗಳು ಇಬ್ಬರು. ಒಬ್ಬರು ನಿನಗೆ ಸ್ಕೂಲಿನಲ್ಲಿ ಚೆಂಡು ಹಿಡಿಯುವುದನ್ನು ಕಲಿಸಿದ, ಈಗ ಗುಬ್ಬಿಯಲ್ಲಿರುವ ಪಿ.ಟಿ. ಮೇಷ್ಟ್ರು ಶಿವರಾಮಯ್ಯನವರು, ಇನ್ನೊಬ್ಬಳು ನೀನು. ನಾನು ಊರಿನಿಂದ ಒಂದು ಟೆಂಪೋ ಜನವನ್ನು ತುಂಬಿಕೊಂಡು ಬಂದಿದ್ದೆ. ದಾರಿಯುದ್ದಕ್ಕೂ ಅವರಿಗೆ ಒಂದೇ ಮಾತು ಹೇಳಿದ್ದು: ನಮ್ಮ ಹುಡುಗಿ ಊದಿದರೆ ಆಟ ನಿಲ್ಲುತ್ತೆ, ಊದಿದರೆ ಶುರುವಾಗುತ್ತೆ, ಅಂಥ ಅಧಿಕಾರ ತಹಸೀಲ್ದಾರರಿಗೂ ಇಲ್ಲ. ಜನ ಒಪ್ಪಿದರು. ಒಪ್ಪದಿದ್ದರೆ ಟೆಂಪೋದಿಂದ ಇಳಿಸುತ್ತೇನೆ ಅಂತ ಮೊದಲೇ ಹೇಳಿದ್ದೆ.

ಆಟ ಮುಗಿಯುವ ಹೊತ್ತು. ನಮ್ಮ ಕಡೆಯ ಗಿಡ್ಡ ಹುಡುಗಿ ನಂದಿತಾ ಚೆಂಡು ಕುಟ್ಟಿಕೊಂಡು ರಿಂಗಿನ ಕಡೆಗೆ ಬಾಣದ ಹಾಗೆ ನುಗ್ಗಿದಳು. ಗುಬ್ಬಿಯ ಎತ್ತರದ ಹುಡುಗಿ ಎದುರಿಗೆ ಬಂದಳು. ಢಿಕ್ಕಿ ಹೊಡೆದು ಇಬ್ಬರೂ ಬಿದ್ದರು. ಅದೇ ಗಳಿಗೆಗೆ ಎರಡು ಪೀಪಿ ಒಟ್ಟಿಗೆ ಕೂಗಿದವು. ರಿಂಗಿನ ಕೆಳಗಿದ್ದ ನೀನು ಎರಡೂ ಕೈ ಸೊಂಟಕ್ಕೆ ಕೊಟ್ಟು ನಿಂತೆ. ಬ್ಲಾಕ್, ಅಂದರೆ ಅಡ್ಡ ಬಂದವಳ ತಪ್ಪು. ಅತ್ತ ಹಿಂದುಗಡೆಯಿಂದ ಓಡಿ ಬರುತ್ತಿದ್ದ ಮೇಷ್ಟ್ರು ಮುಷ್ಟಿ ಕಟ್ಟಿ ಅಂಗೈಗೆ ಗುದ್ದಿದರು. ಚಾರ್ಜ್, ಅಂದರೆ ನುಗ್ಗಿದವಳ ತಪ್ಪು. ನೀನು ಮೇಷ್ಟ್ರ ಕೈ ನೋಡಿದೆ. ನಿನ್ನ ಕೈ ಸೊಂಟದಿಂದ ಮೆಲ್ಲಗೆ ಜಾರಿತು. ಅಷ್ಟೇ. ಐದು ಫೌಲಾದವರು ಆಡುವ ಹಾಗಿಲ್ಲ, ನಂದಿತಾಳಿಗೆ ಅದು ಐದನೆಯದು, ಅವಳು ಹೊರಗೆ ಹೋದಳು, ನಮ್ಮವರು ಸೋತರು.

ನೀನು ಮನೆಗೆ ಬಂದು ನಿಮ್ಮಮ್ಮನಿಗೆ ಹೇಳಿದ ಮಾತು ನನಗೂ ತಲುಪಿತು: “ಕಂಡಿದ್ದನ್ನ ಹೇಳೋಕಾಗ್ದೋಳಿಗೆ ಪೀಪಿ ಯಾಕಮ್ಮ?” ಭಾನುವಾರ ತುಮಕೂರಿನಲ್ಲಿರುವ ಪಂದ್ಯಕ್ಕೂ ಬರುವುದಿಲ್ಲ, ಇನ್ನು ಮುಂದೆ ಯಾವ ಪಂದ್ಯಕ್ಕೂ ಬರುವುದಿಲ್ಲ ಅಂದೆಯಂತೆ.

ನನಗೆ ಮೈ ಉರಿದುಹೋಯಿತು. ತಪ್ಪು ಮೇಷ್ಟ್ರದೇ, ನನ್ನ ಸೊಸೆಯ ಕೈ ಇಳಿಸಿದವರು ಅವರೇ ಅಂತ ತೀರ್ಮಾನ ಮಾಡಿದೆ. ಮಾರನೆಯ ದಿನವೇ ಗುಬ್ಬಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಬೈಗುಳಗಳನ್ನು ಒಂದರ ಹಿಂದೊಂದು ಜೋಡಿಸಿಕೊಂಡೆ. ಎಂಥ ಬೈಗುಳ ಅಂತೀಯ, ಕೇಳಿದರೆ ಹೊಲದ ಬದುವಿನಲ್ಲಿ ಹುಲ್ಲು ಒಣಗಬೇಕು.

ಮೇಷ್ಟ್ರು ಸ್ಕೂಲ್ ಗ್ರೌಂಡಿನಲ್ಲಿ ಬಾಗಿಕೊಂಡು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರು. ನಾನು ಗೆರೆಯ ಮೇಲೆಯೇ ನಿಂತೆ.

“ಏನ್ ಮೇಷ್ಟ್ರೇ, ಅವತ್ತು ಅಡ್ಡ ಬಂದಿದ್ದು ನಿಮ್ಮೂರ ಹುಡ್ಗಿ. ಊರಿಗೇ ಕಾಣ್ತು, ನಿಮಗೆ ಕಾಣ್ಲಿಲ್ವಾ?”

ಅವರು ತಲೆ ಎತ್ತದೆ ಕೇಳಿದರು: “ನೀವೆಲ್ಲಿ ಕೂತಿದ್ರಿ ಸ್ವಾಮಿ?”

“ಟೀ ಅಂಗಡಿ ಪಕ್ಕ.”

“ಹಂಗಾದ್ರೆ ನಿಮಗೂ ಕಂಡಿರೋದು ನನಗೆ ಕಂಡಿದ್ದೇ. ನಂದಿತಾ ಬೆನ್ನು.”

ನಿಜ ಹೇಳುತ್ತೇನೆ ಕೃತಿಕಾ, ನನಗೆ ಆ ಢಿಕ್ಕಿ ಕಂಡಿರಲೇ ಇಲ್ಲ. ನಿನ್ನ ಎರಡು ಕೈ ಸೊಂಟದ ಮೇಲೆ ಹೋದದ್ದು ಕಂಡಿತ್ತು. ಬ್ಲಾಕ್ ಅನ್ನುವುದಕ್ಕೆ ನನಗೆ ಅಷ್ಟು ಸಾಕಾಗಿತ್ತು. ಆದರೆ ಜಗಳಕ್ಕೆ ಹೋದವನು ಹಾಗೆಲ್ಲ ಹೇಳುವುದಕ್ಕಾಗುತ್ತದೆಯೇ? ಮೀಸೆ ತಿರುವಿಕೊಂಡು ನಿಂತೆ.

ಮೇಷ್ಟ್ರು ಸುಣ್ಣದ ಬುಟ್ಟಿ ಕೆಳಗಿಟ್ಟು, ನನ್ನ ಭುಜ ಹಿಡಿದು ಗೆರೆಯ ಹತ್ತಿರ ನಿಲ್ಲಿಸಿದರು. “ನೋಡಿ, ನಾನು ನುಗ್ಗಿ ಬರ್ತಾ ಇದೀನಿ ಅನ್ಕೊಳ್ಳಿ. ನೀವು ಮೊದ್ಲೇ ಬಂದು, ಎರಡೂ ಕಾಲು ಊರಿ, ನನಗೆ ಎದೆ ಕೊಟ್ಟು ನಿಂತ್ರೆ ಆ ಜಾಗ ನಿಮ್ದು. ಗುದ್ದಿದ್ರೆ ನನ್ ತಪ್ಪು. ಅದು ಬಿಟ್ಟು, ನಾನು ಹತ್ರ ಬಂದಾದ್ಮೇಲೆ ಪಕ್ಕದಿಂದ ಜಾರಿ ಅಡ್ಡ ಬಂದ್ರೆ, ನಿಮ್ ತಪ್ಪು. ಇಷ್ಟೇ. ಆದ್ರೆ ಈ ಇಷ್ಟನ್ನ ನೋಡೋಕೆ ನಿಮ್ ಕಾಲು, ನಿಮ್ ಎದೆ ಕಾಣ್ಬೇಕು. ಅವತ್ತು ಅದು ಕಾಣೋ ಜಾಗದಲ್ಲಿ ಇದ್ದೋಳು ಕೃತಿಕಾ. ನಾನಲ್ಲ.”

“ಮತ್ಯಾಕ್ ಊದಿದ್ರಿ?”

“ಊದೋದು ತಪ್ಪಲ್ಲ. ಇಬ್ರೂ ಊದ್ಬೋದು. ಊದಿದ್ಮೇಲೆ ಮುಷ್ಟಿ ಮೇಲೆತ್ತಿ, ಯಾರ ಫೌಲು ಅಂತ ತೋರ್ಸೋಕೆ ಮುಂಚೆ ಜೊತೆಯೋರ ಮುಖ ನೋಡ್ಬೇಕು. ಚೆನ್ನಾಗಿ ಕಂಡೋರು ಮುಂದಕ್ಕೆ ಬರ್ಬೇಕು, ಇನ್ನೊಬ್ರು ಬಿಟ್ಕೊಡ್ಬೇಕು. ನಾನೂ ಆತುರ ಬಿದ್ದೆ, ಅವಳೂ ಆತುರ ಬಿದ್ಲು. ಅದು ಹೋಗ್ಲಿ ಬುಡಿ, ಆಗ್ತದೆ. ಆಮೇಲಾದ್ರೂ ಬಂದು ‘ಸರ್, ನನಗೆ ಕಂಡಿದೆ’ ಅಂತ ಒಂದ್ ಮಾತು ಹೇಳ್ತಾಳೆ ಅಂತ ನಾನು ಅವಳ ಕಡೆ ಹೋದೆ. ಅವಳು ತಲೆ ತಗ್ಗಿಸ್ಕೊಂಡು ಹಿಂದ್ ಹಿಂದಕ್ಕೆ ಹೋದ್ಲು, ಗರ್ಭಗುಡಿಯಿಂದ ಹೊರಗೆ ಬರೋರ್ ಥರ. ನಾನೇ ಕೂಗಿ ಕೇಳ್ಬೇಕಿತ್ತು. ಕೇಳ್ಲಿಲ್ಲ. ಕಲ್ಸಿದ ಮೇಷ್ಟ್ರು ಅಲ್ವಾ, ನನಗೂ ಒಂದಿಷ್ಟು ಕೊಬ್ಬು.”

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಬೈಗುಳಗಳೆಲ್ಲ ದಂಡವಾದವು. ಬೈಯುವುದಕ್ಕೆ ಹೋದ ಮನುಷ್ಯ ತನ್ನನ್ನು ತಾನೇ ಬೈದುಕೊಂಡರೆ ನಾವು ಏನು ಮಾಡಬೇಕು ಹೇಳು. ಟೀ ಕುಡಿದು, ಮಿಕ್ಕ ಗೆರೆ ಎಳೆಯುವುದಕ್ಕೆ ಒಂದು ಕೈ ಹಾಕಿ ಬಂದೆ. ನಾನು ಎಳೆದ ಗೆರೆಯೇ ನೆಟ್ಟಗೆ ಬಂದಿತ್ತು ಅನ್ನುವುದನ್ನು ನೀನು ಯಾವಾಗಲಾದರೂ ಹೋಗಿ ನೋಡಬಹುದು.

ಆದರೆ ನನ್ನ ಸ್ವಭಾವ ನಿನಗೆ ಗೊತ್ತಲ್ಲ. ನಿಯಮ ಕಿವಿಗೆ ಬಿದ್ದರೆ ನನಗೆ ಸಾಲದು, ಮೈಗೂ ಬೀಳಬೇಕು. ಮನೆಯಲ್ಲಿ ಕೆಂಚ ಇದಾನಲ್ಲ, ನಮ್ಮ ಟಗರು. ಅವನನ್ನು ಹಿತ್ತಿಲಿಗೆ ಬಿಟ್ಟು, ಆ ಕಡೆ ಹುರುಳಿ ಹೊಟ್ಟಿನ ಮಂಕರಿ ಬುಟ್ಟಿ ಇಟ್ಟು, ನಡುವೆ ನಾನು ನಿಂತೆ. ಇಬ್ಬರು ರೆಫ್ರಿಗಳು ಬೇಕಲ್ಲ. ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ನಿಮ್ಮತ್ತೆ ಸಿದ್ದಲಕ್ಷ್ಮಮ್ಮ, ಟಗರಿನ ಹಿಂದುಗಡೆ ಎದುರು ಮನೆಯ ಓಬಳಯ್ಯ. ಓಬಳಯ್ಯನವರು ಎಂಥವರು ಅಂತ ನಿನಗೆ ಹೇಳಬೇಕಾಗಿಲ್ಲ. ಊರಿನ ನ್ಯಾಯವೆಲ್ಲ ಅವರ ಜಗಲಿಯ ಮೇಲೆಯೇ ತೀರುವುದು. ಅವರು ಬಂದರೆ ನಿಮ್ಮತ್ತೆ ಬಾಗಿಲ ಹಿಂದಿನಿಂದಲೇ ಮಾತನಾಡುವುದು. ಇಬ್ಬರಿಗೂ ಬ್ಲಾಕ್ ಅಂದರೆ ಹೀಗೆ, ಚಾರ್ಜ್ ಅಂದರೆ ಹೀಗೆ ಅಂತ ಕೈಸನ್ನೆ ಹೇಳಿಕೊಟ್ಟೆ. ಸೊಂಟಕ್ಕೆ ಕೈ ಕೊಡುವುದನ್ನು ನಿಮ್ಮತ್ತೆಗೆ ಹೇಳಿಕೊಡಬೇಕಾಗಿರಲಿಲ್ಲ, ಮದುವೆಯಾದ ದಿನದಿಂದಲೂ ಅವಳದು ಅದೇ ಸನ್ನೆ.

ಮೊದಲನೇ ಸಲ ಕಂಬದ ಹಾಗೆ ನಿಂತೆ. ಕೆಂಚ ಬಂದು ನೇರ ಹೊಟ್ಟೆಗೆ ಇಟ್ಟ. ಇಬ್ಬರೂ ಚಾರ್ಜ್ ಕೊಟ್ಟರು, ನನಗೆ ನ್ಯಾಯ ಸಿಕ್ಕಿತು, ಉಸಿರು ಮಾತ್ರ ಸ್ವಲ್ಪ ತಡವಾಗಿ ಸಿಕ್ಕಿತು. ಎರಡನೇ ಸಲ ಕೆಂಚ ಬುದ್ಧಿವಂತನಾಗಿ ಪಕ್ಕದಿಂದ ಮಂಕರಿಗೆ ಹೋಗಲು ನೋಡಿದ. ಕಬಡ್ಡಿಯಲ್ಲಿ ಇಡೀ ತಾಲೂಕನ್ನು ಹೊತ್ತು ಒಗೆದವನು ನಾನು, ಒಂದು ಟಗರಿಗೆ ದಾರಿ ಬಿಡುತ್ತೇನೆಯೇ? ಕೊನೇ ಗಳಿಗೆಯಲ್ಲಿ ಅಡ್ಡಕ್ಕೆ ಜಿಗಿದೆ. ತೊಡೆಗೆ ಕೊಂಬು ತಾಗಿ ನೇರ ಗೊಬ್ಬರದ ಗುಂಡಿ ಸೇರಿದೆ.

ಅಲ್ಲಿಂದಲೇ ತಲೆ ಎತ್ತಿ ನೋಡುತ್ತೇನೆ, ಓಬಳಯ್ಯ ಮುಷ್ಟಿಯಿಂದ ಅಂಗೈಗೆ ಗುದ್ದುತ್ತಿದ್ದಾರೆ. “ಟಗರೇ ಬಂದು ಗುದ್ದೈತೆ. ಕನಕರಾಜಂದು ಏನೂ ತಪ್ಪಿಲ್ಲ ಕಣವ್ವ.” ನಿಮ್ಮತ್ತೆಯ ಕೈ ಸೊಂಟದ ಮೇಲಿದೆ. ಅವಳು ಒಂದು ಗಳಿಗೆ ಓಬಳಯ್ಯನವರನ್ನು ನೋಡಿದಳು. ಕೈ ತೆಗೆದಳು. ಇಳಿಸಿಬಿಟ್ಟಳು ಅಂದುಕೊಂಡೆ. ಇಲ್ಲ, ಸೆರಗು ಎಳೆದು ಹೆಗಲ ತುಂಬ ಹೊದ್ದಳು. ಹೊದ್ದು, ಕೈಯನ್ನು ಮತ್ತೆ ಸೊಂಟದ ಮೇಲೆಯೇ ಇಟ್ಟಳು.

“ಅಯ್ಯಾ, ನೀವು ದೊಡ್ಡೋರು. ಆದ್ರೆ ನೀವು ಇದ್ದಿದ್ದು ಹಿಂದ್ಗಡೆ. ಇವ್ರು ಕಾಲು ಕಿತ್ತು ಅಡ್ಡ ಬಂದಿದ್ದು ನಾ ಕಂಡಿವ್ನಿ. ಮೂಕ್ ಪ್ರಾಣಿ ಮೇಲೆ ತಪ್ಪು ಹೊರ್ಸ್‌ಬ್ಯಾಡಿ.”

ಓಬಳಯ್ಯ ಮುಷ್ಟಿ ಬಿಚ್ಚಿದರು. “ಹೂಂ ಕಣವ್ವ, ನಾನ್ ನೋಡಿದ್ದು ಟಗರಿನ ಬಾಲವ. ನಿನ್ ಮಾತೇ ಸರಿ.” ಅಂದು, ಅವಳ ಕೈಯಿಂದ ಮಜ್ಜಿಗೆ ಇಸಕೊಂಡು ಕುಡಿದು ಹೋದರು. ಅವರ ದೊಡ್ಡತನದಲ್ಲಿ ಎಳ್ಳಷ್ಟೂ ಕಮ್ಮಿಯಾಗಲಿಲ್ಲ, ಅವಳ ಮರ್ಯಾದೆಯಲ್ಲಿಯೂ ಕಮ್ಮಿಯಾಗಲಿಲ್ಲ. ಕಮ್ಮಿಯಾದದ್ದು ನನ್ನದೊಂದೇ. ಗುಂಡಿಯಲ್ಲಿ ಒಬ್ಬ ಗಂಡಸು ಬಿದ್ದಿದ್ದಾನೆ ಅನ್ನುವುದು ಇಬ್ಬರಿಗೂ ನೆನಪಾಗಲಿಲ್ಲ.

ಆವತ್ತು ಸಂಜೆ ತೊಡೆಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಾ ಕೂತವನಿಗೆ ನಿನ್ನದೇ ಯೋಚನೆ. ನೀನು ಮೇಷ್ಟ್ರನ್ನು ಗೌರವಿಸಿದೆ, ಅದರಲ್ಲಿ ತಪ್ಪೇನಿದೆ. ಆದರೆ ಸೆರಗು ಹೊದೆಯುವುದು ಬೇರೆ, ಕೈ ಇಳಿಸುವುದು ಬೇರೆ ಕಣೇ. ನಿಮ್ಮತ್ತೆಗೆ ಅದು ಗೊತ್ತಿತ್ತು. ನನಗೆ ಗೊತ್ತಾದದ್ದು ಗುಂಡಿಯಲ್ಲಿ.

ಇನ್ನು ಭಾನುವಾರದ ವಿಷಯ. ಮೇಷ್ಟ್ರು ನಿನ್ನೆ ನನಗೆ ಫೋನ್ ಮಾಡಿದ್ದರು. ಪಂದ್ಯ ನಡೆಸುವವರಿಗೆ ಹೇಳಿ, ನಿನ್ನನ್ನು ಮೊದಲನೇ ರೆಫ್ರಿ ಮಾಡಿಸಿ, ತಾವು ಎರಡನೆಯವರಾಗಿ ನಿಲ್ಲುವುದಾಗಿ ಒಪ್ಪಿದ್ದಾರೆ. ಇಬ್ಬರ ಮಾತು ಬೇರೆಯಾದರೆ ಕೊನೆಯ ತೀರ್ಪು ನಿನ್ನದು. “ನನ್ ಮುಖ ನೋಡೋದಕ್ಕೆ ಅವಳಿಗೆ ಭಯ ಇದ್ರೆ, ಅವಳ ಮುಖ ನಾನು ನೋಡ್ತೀನಿ. ಬರ್ತಾಳಾ ಕೇಳಿ” ಅಂದರು. ಕೇಳುವುದೇನು ಅಂತ ನಿನ್ನ ಪರವಾಗಿ ನಾನೇ ಒಪ್ಪಿಬಿಟ್ಟೆ. ಅಕಸ್ಮಾತ್ ಅವಳು ಬರದಿದ್ದರೆ ಟಗರಿನ ಹತ್ತಿರ ಪಾಸಾಗಿರುವ ನಾನೇ ಪೀಪಿ ಹಿಡಿದು ನಿಲ್ಲುತ್ತೇನೆ ಅಂದೆ. “ಅವಳನ್ನೇ ಕಳ್ಸಿ ಸ್ವಾಮಿ” ಅಂದು ಮೇಷ್ಟ್ರು ಫೋನ್ ಇಟ್ಟರು.

ಇಷ್ಟಕ್ಕೇ ಕಾಗದ ಮುಗಿಸುವವನಿದ್ದೆ. ಆದರೆ ಇವತ್ತು ಬೆಳಿಗ್ಗೆ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿ ನಂದಿತಾ ಸಿಕ್ಕಿದಳು. ಭುಜಕ್ಕೆ ಚೆಂಡಿನ ಬಲೆ ಹಾಕಿಕೊಂಡು ನೇರ ನನ್ನ ಹತ್ತಿರವೇ ಬಂದಳು. ನಾನು ಪೇಪರ್ ಅಡ್ಡ ಹಿಡಿದುಕೊಂಡೆ, ಬೈಗುಳ ತಿನ್ನುವ ಸರದಿ ನನ್ನದು ಅಂತ.

“ಅಂಕಲ್, ನೀವು ಕೃತಿಕಾ ಮಿಸ್ ಮಾವ ಅಲ್ವಾ? ಗುಬ್ಬೀಲಿ ಎಲ್ರಿಗಿಂತ ಜೋರಾಗಿ ಕೂಗ್ತಿದ್ರಲ್ಲ. ಭಾನುವಾರ ಮಿಸ್ ಬರ್ತಾರಾ?”

“ಯಾಕವ್ವ, ಜಗಳ ಆಡ್ಬೇಕಾ?”

“ಇಲ್ಲ ಅಂಕಲ್. ಬಿದ್ದಾಗ ಕೆಳಗಿಂದ ಅವರನ್ನೇ ನೋಡ್ದೆ. ಅವ್ರಿಗೆ ಸರ್ಯಾಗೇ ಕಂಡಿತ್ತು. ಅವತ್ತಿಂದ ರಿಂಗ್ ಹತ್ರ ಹೋಗೋಕೇ ಆಗ್ತಿಲ್ಲ. ಗುದ್ದುಸ್ಕೊಳ್ಳೋಕೆ ಭಯ ಇಲ್ಲ, ಗುದ್ದುಸ್ಕೊಂಡು ತಪ್ಪೂ ನಂದೇ ಅನ್ನುಸ್ಕೊಳ್ಳೋಕೆ ಭಯ. ದೂರದಿಂದ್ಲೇ ಎಸೀತೀನಿ, ಬೀಳಲ್ಲ. ಕೋಚ್ ಬೈತಾರೆ. ಮಿಸ್ ಇರ್ತಾರೆ ಅಂದ್ರೆ ನುಗ್ತೀನಿ.”

ನಾನು ಮಾತಿಗೆ ಸೋತವನಲ್ಲ, ನಿನಗೇ ಗೊತ್ತು. ಆದರೆ ಆ ಹುಡುಗಿಯ ಮುಂದೆ ಪೇಪರ್ ಮಡಚಿ ಕೆಳಗಿಟ್ಟೆ. ನಿನ್ನ ಪರವಾಗಿ ಮೇಷ್ಟ್ರಿಗೆ ಒಪ್ಪಿದ್ದು ತಮಾಷೆಗೆ, ನೀನು ಬರದಿದ್ದರೆ ಏನಾದರೊಂದು ಸುಳ್ಳು ಹೇಳಿ ದಾಟಿಕೊಳ್ಳುತ್ತಿದ್ದೆ. ಇದಕ್ಕೆ ಯಾವ ಸುಳ್ಳೂ ಹೊಂದಲಿಲ್ಲ. ಅವಳ ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದಳು.

“ನುಗ್ಗವ್ವ” ಅಂದುಬಿಟ್ಟೆ.

ಭಾನುವಾರ ಅವಳು ನುಗ್ಗುತ್ತಾಳೆ ಕೃತಿಕಾ.

ಅವರೆಕಾಯಿ ಇವತ್ತೇ ಸುಲಿದುಬಿಡು, ಇಟ್ಟರೆ ಸೊಗಡು ಹೋಗುತ್ತದೆ. ನಮ್ಮ ದೇವರು ಜುಂಜಪ್ಪ ನಿನ್ನ ಕಣ್ಣಿಗೆ ಬೆಳಕು ಕೊಡಲಿ, ಎದೆಗೆ ಉಸಿರು ಕೊಡಲಿ.

ನಿನ್ನ ಮೇಲೆ ನಿನಗಿಂತ ಹೆಚ್ಚು ಜಂಬ ಇಟ್ಟುಕೊಂಡಿರುವ,
ಮಾವ ಕನಕರಾಜು