ಸೇಬು ಒಣಗುವ ಮುನ್ನ

ಮಂಜೂರ್ ಅವರಿಗೆ ಸಲಾಮ್,

ಶ್ರೀನಗರಕ್ಕೆ ನಿಮ್ಮಲ್ಲಿಗೆ ಬರುವಾಗ ತರಲೆಂದು ಸೇಬಿನ ಬಿಲ್ಲೆಗಳನ್ನು ದಾರಕ್ಕೆ ಪೋಣಿಸಿ ಅಟ್ಟದಲ್ಲಿ ತೂಗುಹಾಕಿ ನಾಲ್ಕು ದಿನವಾಯಿತು. ಗಳಿಗೆಗೊಮ್ಮೆ ಹೋಗಿ ಮುಟ್ಟಿ ನೋಡುತ್ತೇನೆ, ಇನ್ನೂ ಹಸಿಯಾಗಿವೆ. ಅಲ್ಲಿನ ಕಿಟಕಿಯಿಂದ ಘಾಟಿ ಕಾಣುತ್ತದೆ. ಅದರ ನೆತ್ತಿ ಆಗಲೇ ಹಿಮದಿಂದ ಬೆಳ್ಳಗಾಗಿದೆ. ಇನ್ನಷ್ಟು ಬಿದ್ದರೆ ಚಳಿಗಾಲ ಮುಗಿಯುವವರೆಗೆ ಆಚೆಗೆ ದಾರಿಯಿಲ್ಲ.

“ಏಳು ತಿಂಗಳ ಬಸುರಿ, ಏಣಿ ಯಾಕೆ ಹತ್ತುತೀಯ? ಸುಮ್ನೆ ಕೂತ್ಕೊ. ಸೂಲಗಿತ್ತಿ ಇಲ್ಲೇ ಇದಾಳಲ್ಲ,” ಎಂದರು ಅತ್ತೆ ನಿನ್ನೆ.

“ಹೋದ ಚಳಿಗಾಲದಲ್ಲೂ ಇದ್ಳಲ್ಲ ಅತ್ತೆ,” ಎಂದುಬಿಟ್ಟೆ.

ನಮ್ಮ ಮಗುವನ್ನು ಮಣ್ಣು ಮಾಡಿದ ಮೇಲೆ ನಾವಿಬ್ಬರೂ ಆ ವಿಷಯ ಎತ್ತಿರಲೇ ಇಲ್ಲ.

ಇವತ್ತು ಬೆಳಿಗ್ಗೆ ಹತ್ತಿ ನೋಡಿದರೆ ದಾರಗಳೇ ಇಲ್ಲ. ಕೆಳಗೆ ಅತ್ತೆ ಅರೆ ಒಣಗಿದ ಸೇಬನ್ನೆಲ್ಲ ಚಾದರದಲ್ಲಿ ಗಂಟು ಕಟ್ಟುತ್ತಿದ್ದರು.

“ಗುರುವಾರ ಲಾರಿ ಹೋಗುತ್ತಂತೆ. ಇಬ್ಬರಿಗೂ ಜಾಗ ಹೇಳಿದೀನಿ. ಇವು ಶ್ರೀನಗರದಲ್ಲೇ ಒಣಗ್ಲಿ,” ಎಂದರು, ನನ್ನ ಮುಖ ನೋಡದೆ.

ಆಸ್ಪತ್ರೆಗೆ ಹತ್ತಿರ, ಬಿಸಿಲು ಬೀಳುವ ಒಂದು ಕೋಣೆ ನೋಡಿಡಿ. ಅಷ್ಟರಲ್ಲಿ ದಾರಿ ಮುಚ್ಚದಿದ್ದರೆ ಸಾಕು, ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಗುರುವಾರ ಸಂಜೆ ಲಾರಿ ನಿಲ್ಲುವಲ್ಲಿಗೆ ಬಂದಿರಿ. ಅತ್ತೆ ಈ ಘಾಟಿಯನ್ನು ಒಮ್ಮೆಯೂ ದಾಟಿದವರಲ್ಲ. ಇಳಿಸುವಾಗ ಮೊದಲು ಅವರ ಕೈ ಹಿಡಿದುಕೊಳ್ಳಿ.

ನಿಮ್ಮ
ಜೂನಾ