ತುಂಬಿದ ಸಭೆಯಲ್ಲಿ ಒಂದು ಭೇಷ್

ಮ್ಯಾನ್‌ಹೈಮ್, 12-11-2001

ದೊಡ್ಡಪ್ಪ, ಈ ಚಿಕ್ಕ ಕಾರ್ಡಿನಲ್ಲೇ ನಿಮಗೂ ದೊಡ್ಡಮ್ಮನಿಗೂ ನಮಸ್ಕಾರ.

ನಿನ್ನೆ ಇಲ್ಲಿ ಕೊಳಲು ಕಛೇರಿಗೆ ಹೋಗಿದ್ದೆವು. ಊದಿದವರು ಲುಸಿಯೆನ್ ವೆರ್ದಿಯೇ ಎಂಬ ಫ್ರೆಂಚ್ ಮುದುಕರು. ಬೇಕರಿಯವರ ಮಗ, ಹಿಟ್ಟಿನ ಮೂಟೆಗಳ ನಡುವೆ ಕೂತು ಕಲಿತವರಂತೆ. ಕೃತಿಯೂ ಅವರದೇ. ತಾವು ಊದದಿರುವಾಗ ಬೆಳ್ಳಿ ಕೊಳಲನ್ನೇ ಕೋಲಿನಂತೆ ಆಡಿಸಿ ಐವತ್ತು ಜನರ ವಾದ್ಯವೃಂದವನ್ನು ನಡೆಸುತ್ತಾರೆ! ಒಂದು ಕಡೆ ಉಸಿರು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮೇಲಿನ ಸ್ವರಕ್ಕೆ ಹತ್ತಿ ನಿಂತೇಬಿಟ್ಟರು. ನನಗೆ ಕೊಳಲು ಹೇಳಿಕೊಟ್ಟಾಗ, ಮೆಚ್ಚಿದ್ದನ್ನು ಆಗಲೇ ಹೇಳಬೇಕೆಂದು ಕಲಿಸಿದವರು ನೀವೇ. ಬಾಯಿಂದ "ಭೇಷ್!" ಎಂದು ಜೋರಾಗಿಯೇ ಬಂತು. ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಇಲ್ಲಿ ಮುಗಿಯುವವರೆಗೆ ಕೆಮ್ಮುವಂತೆಯೂ ಇಲ್ಲವಂತೆ.

"ಸುಮ್ನಿರೇ, ಜರ್ಮನಿಯೋರು ಕೊಟ್ಟಿರೋ ನನ್ ಗ್ರೀನ್ ಕಾರ್ಡ್ ಕಿತ್ಕೊಂಡಾರು!" ಎಂದು ನಮ್ಮವರು ಸೀಟಿನಲ್ಲೇ ಕುಗ್ಗಿಹೋದರು.

ಹೊರಗೆ ಬರುವಾಗ ಬಾಗಿಲಲ್ಲಿ ಟಿಕೆಟ್ ನೋಡುವ ಹೆಂಗಸು, ಇನ್ನೊಮ್ಮೆ ಬಂದರೆ ಬಾಯಿ ಮುಚ್ಚಿಕೊಂಡು ಕೂರಬೇಕು ಎಂದಳು. ಇವರು ಆಗಲೇ ಕ್ಷಮೆ ಕೇಳತೊಡಗಿದ್ದರು. ನಾನು ತಡೆದು, ನನ್ನ ಮೂರು ತಿಂಗಳ ಜರ್ಮನ್‌ನಲ್ಲೇ ಹೇಳಿದೆ: "ಹಾಗಾದ್ರೆ ಅವರಿಗೆ ಕೆಟ್ಟದಾಗಿ ಊದೋಕೆ ಹೇಳಿ, ಸುಮ್ನಿರ್ತೀನಿ."

ಆರೋಗ್ಯ ಚೆನ್ನಾಗಿದೆ. ಚಳಿಗೆ ತುಟಿ ಮಾತ್ರ ಒಡೆದಿದೆ, ತುಪ್ಪ ಸವರುತ್ತಿದ್ದೇನೆ. ಭಾನುವಾರದೊಳಗೆ ವಾಸಿಯಾಗಲೇಬೇಕು. ಅಂದು ಅವರು ಮತ್ತೆ ಊದುತ್ತಾರೆ. ಮೊದಲ ಸಾಲಿನಲ್ಲೇ ಟಿಕೆಟ್ ತೆಗೆದಿದ್ದೇನೆ.

ಜಾಗ ಮುಗಿಯಿತು.
ಚಿತ್ಕಲಾ